ಅರವತ್ತೆಂಟು ಕಿಲೋದ ಹಲಗೆ

ಜನವರಿ ೧೭, ಶನಿವಾರ

ಗಾಳಿ ತುಂಬಿಸುವ ಹಲಗೆ, ಪಂಪು ಸಮೇತ ೩೬,೫೦೦. ಹುಟ್ಟು ೪,೨೦೦. ಲೈಫ್ ಜಾಕೆಟ್ ೨,೩೦೦. ಹಲಗೆಯನ್ನು ಮನುಷ್ಯನ ಕಾಲಿಗೆ ಕಟ್ಟುವ ಹಗ್ಗ ೯೫೦. ರಬ್ಬರ್ ಶೂ ೧,೧೦೦. ಮೊಬೈಲ್ ನೆನೆಯದಂತೆ ಇಡುವ ಚೀಲ ೩೫೦. ಕನ್ನಡಕ ನೀರಿಗೆ ಬೀಳದಂತೆ ಕುತ್ತಿಗೆಗೆ ಹಾಕುವ ದಾರ, ಬರೀ ದಾರ, ೨೫೦. ಇಬ್ಬರಿಗೆ ಸೀಯಾಳ ೧೨೦. ಒಟ್ಟು ೪೫,೭೭೦.

ಮೂರು ಅಂತಸ್ತಿನ ಐದು ಮದುವೆ ಕೇಕುಗಳ ಹಣ. ಹಿಟ್ಟು, ಬೆಣ್ಣೆ, ಕರೆಂಟು, ನನ್ನ ಸೊಂಟನೋವು ಎಲ್ಲ ಸೇರಿ.

ನನ್ನ ಗಂಡ ಇಸಿದೋರ್ ನೀರಿನ ಮೇಲೆ ನಿಲ್ಲಬೇಕಂತೆ. ನಮ್ಮ ಧರ್ಮದಲ್ಲಿ ಆ ಕೆಲಸವನ್ನು ಒಬ್ಬರು ಆಗಲೇ ಮಾಡಿ ಮುಗಿಸಿದ್ದಾರೆ, ಅದೂ ಹಲಗೆ ಇಲ್ಲದೆ. ಆದರೆ ಇವರಿಗೆ ಅಷ್ಟು ಸಾಲದು. ಕುವೈತಿನಲ್ಲಿ ಮೂವತ್ತೊಂದು ವರ್ಷ ಕಂಪನಿ ಬಸ್ಸಿನ ಕಿಟಕಿಯಿಂದ ಸಮುದ್ರ ನೋಡಿದರಂತೆ. ಶುಕ್ರವಾರ ಶುಕ್ರವಾರ ಯಾರೋ ಹಲಗೆಯ ಮೇಲೆ ನಿಂತುಕೊಂಡು ಹುಟ್ಟು ಹಾಕುತ್ತಾ ಹೋಗುತ್ತಿದ್ದರಂತೆ. ಇವರು ಬಸ್ಸಿನಲ್ಲಿ ಕೂತು, ‘ರಿಟೈರ್ ಆದ ಮೇಲೆ ನಾನೂ’ ಎಂದುಕೊಂಡರಂತೆ. ನಾನು ಆ ಮೂವತ್ತೊಂದು ವರ್ಷ ಶಕ್ತಿನಗರದ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಾಲದ ಓವನ್ನಿನಿಂದ ಶುರು ಮಾಡಿ ಮೂರಕ್ಕೆ ತಂದೆ. ನನ್ನ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿ.

ಅಕ್ಟೋಬರಿನಲ್ಲಿ ಬಂದರು. ನವೆಂಬರಿಗೆ ನನ್ನ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದರು. ಡಿಸೆಂಬರಿನಲ್ಲಿ, ಕ್ರಿಸ್ಮಸ್ ಆರ್ಡರು ಕುತ್ತಿಗೆವರೆಗೆ ಬಂದಿರುವಾಗ, ಗ್ಯಾಸಿನ ಪೈಪು ಪರೀಕ್ಷೆ ಮಾಡಬೇಕೆಂದು ಎರಡು ಗಂಟೆ ಓವನ್ನು ನಿಲ್ಲಿಸಿದರು. ಕುವೈತಿನಲ್ಲಿ ಇವರ ಕೆಲಸವೇ ಒತ್ತಡದ ಮೀಟರು ನೋಡುವುದಾಗಿತ್ತು. ಮೊನ್ನೆ ಹಳೆಯ ಕಂಪನಿಯಿಂದ ಏಜೆಂಟ್ ಫೋನು ಮಾಡಿದ. ಇನ್ನು ಎರಡು ವರ್ಷ ಬರ್ತೀರಾ, ತಿಂಗಳಿಗೆ ಒಂದು ಲಕ್ಷ ಅರವತ್ತು ಸಾವಿರ, ಮಾರ್ಚಿನಲ್ಲಿ ಹೊರಡಬೇಕು.

‘‘ಏನು ಹೇಳಲಿ ನೆಲ್ಲಿ?’’ ಎಂದರು.

‘‘ನಿಮ್ಮ ಇಷ್ಟ’’ ಎಂದೆ. ಮದುವೆಯಾದಂದಿನಿಂದ ನಮ್ಮ ದೊಡ್ಡ ತೀರ್ಮಾನಗಳೆಲ್ಲ ಈ ಎರಡು ಶಬ್ದದಲ್ಲೇ ಆಗಿವೆ.

ಎರಡು ವರ್ಷಕ್ಕೆ ಮೂವತ್ತೆಂಟು ಲಕ್ಷದ ನಲವತ್ತು ಸಾವಿರ. ಲೆಕ್ಕ ನೋಡಿದರೆ ಕಳಿಸುವುದೇ ಲಾಭ. ನನ್ನ ಡಬ್ಬಿಗಳೂ ಬದುಕುತ್ತವೆ. ‘‘ಹೋಗುವ ಮುಂಚೆ ಒಮ್ಮೆ ನೀರಿನ ಮೇಲೆ ನಿಲ್ಲುತ್ತೇನೆ, ಬಾಡಿಗೆಗೆ ಸಿಗ್ತದೆ’’ ಎಂದರು. ಬಾಡಿಗೆ ಗಂಟೆಗೆ ಆರುನೂರು. ಆರು ವಾರ ದಿನಾ ಹೋದರೆ ಇಪ್ಪತ್ತೈದು ಸಾವಿರ ಹೋಗುತ್ತದೆ, ಕೈಗೆ ಏನೂ ಬರುವುದಿಲ್ಲ. ಕೊಂಡು, ಇವರು ವಿಮಾನ ಹತ್ತಿದ ಮಾರನೇ ದಿನ ಮಾರಿದರೆ ಮೂವತ್ತಾದರೂ ಹುಟ್ಟುತ್ತದೆ. ಹಾಗೆ ಕೊಂಡದ್ದು. ಬುದ್ಧಿ ನನ್ನದೇ.

ಕದ್ರಿಯ ಆ ಅಂಗಡಿಯಲ್ಲಿ ಇರ್ವಿನ್ ಎಂಬ ಹುಡುಗ. ನಾನು ಒಳಗೆ ಕಾಲಿಟ್ಟದ್ದೇ ‘ವಾಲ್ಯೂಮ್’ ಎಂದು ಶುರು ಮಾಡಿದ. ಒಂದೊಂದು ಹಲಗೆಗೂ ಇಷ್ಟು ಲೀಟರು ಎಂದು ಲೆಕ್ಕ ಉಂಟಂತೆ. ಒಳಗಿರುವುದು ಗಾಳಿ. ಗಾಳಿಯನ್ನು ಲೀಟರಿನಲ್ಲಿ ಮಾರುವವನನ್ನು ಇವತ್ತೇ ನೋಡಿದ್ದು.

‘‘ಅಂಕಲ್‌ನ ತೂಕ ಎಷ್ಟು ಆಂಟಿ? ಎಂಬತ್ತರ ಒಳಗೆ ಆದರೆ ಈ ಬೋರ್ಡು ಸಾಕು. ಅದಕ್ಕಿಂತ ಮೇಲೆ ಆದರೆ ಆ ಅಗಲದ್ದು, ದಪ್ಪದ್ದು ಬೇಕು. ಹನ್ನೆರಡು ಸಾವಿರ ಜಾಸ್ತಿ ಆಗ್ತದೆ.’’

ತೂಕ ಏರಿದಂತೆ ದರ ಏರುವ ವ್ಯಾಪಾರ ನನಗೆ ಹೊಸದಲ್ಲ. ಮೂರು ಕಿಲೋ ಕೇಕು ಬೇಕಾದವರೆಲ್ಲ ನನ್ನ ಹತ್ತಿರ ಬಂದು ಎರಡರಿಂದಲೇ ಶುರು ಮಾಡುವುದು. ನನ್ನ ಬಾಯಿ ನನ್ನನ್ನು ಕೇಳದೆ ‘‘ಅರವತ್ತೆಂಟು’’ ಎಂದಿತು.

ಇರ್ವಿನ್ ಇವರ ಶರ್ಟಿನ ನಾಲ್ಕನೇ ಗುಂಡಿಯನ್ನು ನೋಡಿದ. ಅದು ಬಹಳ ಕಷ್ಟದಲ್ಲಿತ್ತು.

‘‘ಅಂಕಲ್?’’

‘‘ಹೌದು, ಅರವತ್ತೆಂಟು’’ ಎಂದರು ಇಸಿದೋರ್, ಸಾಕ್ಷಿ ಹೇಳುವವರ ಹಾಗೆ.

ಹನ್ನೆರಡು ಸಾವಿರ ಉಳಿಯಿತು.

ಜನವರಿ ೧೮, ಭಾನುವಾರ

ಉಳಿಯಲಿಲ್ಲ.

ಇಗರ್ಜಿಯಲ್ಲಿ ಮೊದಲ ಪೂಜೆ ಮುಗಿಸಿ ಕೂಳೂರಿನ ಹತ್ತಿರ ನದಿಗೆ ಹೋದೆವು. ಅಲ್ಲಿ ಕಲಿಸುವವನು ಶಾಹುಲ್, ನಲವತ್ತೈದರ ಆಸುಪಾಸು. ಮುಂಚೆ ಮರಳಿನ ದೋಣಿಯಲ್ಲಿದ್ದವನು. ನಮ್ಮ ಗಂಟನ್ನು ನೋಡಿದವನೇ ಕಾಲಿಗೆ ಕಟ್ಟುವ ಹಗ್ಗವನ್ನು ಎರಡು ಬೆರಳಲ್ಲಿ ಎತ್ತಿ ಆಚೆ ಇಟ್ಟ.

‘‘ಇದು ಇಲ್ಲಿ ಬೇಡ ಪೊರ್ಬುಲೇ. ನೀರಿನ ಅಡಿಯಲ್ಲಿ ಹಳೇ ಗೂಟ ಉಂಟು. ಇಳಿತದ ಸೆಳೆತದಲ್ಲಿ ಹಗ್ಗ ಅದಕ್ಕೆ ಸಿಕ್ಕಿದರೆ ಕಾಲಿನವರೆಗೆ ಬಗ್ಗಿ ಬಿಚ್ಚಲಿಕ್ಕೆ ಆಗ್ತದಾ? ಸೊಂಟಕ್ಕೆ ಕಟ್ಟುದು ಬೇಕು, ಒಂದು ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಇವತ್ತಿಗೆ ನನ್ನದು ತಗೊಳ್ಳಿ.’’ ನಮ್ಮ ಕ್ರೈಸ್ತ ಗಂಡಸರನ್ನು ಇಲ್ಲಿಯವರು ಪೊರ್ಬುಲು ಎನ್ನುತ್ತಾರೆ, ಹೆಂಗಸರನ್ನು ಬಾಯಮ್ಮ.

ಅಂಗಡಿಯಲ್ಲಿ ಅದೂ ಇತ್ತು. ೨,೨೦೦. ನಾನೇ ಬೇಡ ಎಂದದ್ದು.

ಗಾಳಿ ಹೊಡೆಯುವಾಗ ಮಾತ್ರ ಇವರ ಮುಖ ನೋಡಬೇಕಿತ್ತು. ಪಂಪಿನಲ್ಲಿ ಒಂದು ಮೀಟರು ಉಂಟು, ಹದಿನೈದಕ್ಕೆ ಬರಬೇಕು. ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತಾ, ಬೆವರು ಸುರಿಸುತ್ತಾ, ಮಗು ಹುಟ್ಟಿದ ಸುದ್ದಿ ಬಂದ ಹಾಗೆ ನಗುತ್ತಿದ್ದರು. ನಮ್ಮ ಮಗಳು ಎಲೇನ್ ಹುಟ್ಟಿದ ಸುದ್ದಿ ಇವರಿಗೆ ಫೋನಿನಲ್ಲಿ ಮುಟ್ಟಿದ್ದು. ಆಗ ಹೀಗೆ ನಕ್ಕಿದ್ದರೋ ಏನೋ, ನಾನು ನೋಡಿಲ್ಲ.

ಆಮೇಲೆ ಹತ್ತಿದರು. ಹಲಗೆ ನಡುವಿನಲ್ಲಿ ಬಗ್ಗಿತು, ಎರಡು ತುದಿ ಮೇಲೆದ್ದವು. ಬಾಳೆಹಣ್ಣಿನ ಮೇಲೆ ನಿಂತ ಹಾಗೆ ಅರ್ಧ ಕ್ಷಣ. ಬಿದ್ದರು. ಮತ್ತೆ ಹತ್ತಿದರು. ಒಟ್ಟು ಏಳು ಸಲ.

‘‘ತೂಕ ಎಷ್ಟು ನಿಮ್ಮದು?’’ ಎಂದ ಶಾಹುಲ್.

ಇವರು ನನ್ನನ್ನು ನೋಡಿದರು. ನಾನು ನದಿಯನ್ನು ನೋಡಿದೆ.

‘‘ತೊಂಬತ್ತನಾಲ್ಕು.’’

‘‘ಅಂಗಡಿಯಲ್ಲಿ ಎಷ್ಟು ಹೇಳಿದ್ದು?’’

‘‘ಅರವತ್ತೆಂಟು.’’

‘‘ಅಲ್ಲ ಮಾರಾಯ್ರೆ, ಅರವತ್ತೆಂಟು ಯಾರ ತೂಕ?’’

ಯಾರದ್ದೆಂದು ಆಗ ನನಗೆ ನೆನಪಾಯಿತು. ಕಳೆದ ತಿಂಗಳು ಶುಗರ್ ಟೆಸ್ಟಿಗೆ ಹೋದಾಗ ಕ್ಲಿನಿಕ್ಕಿನ ತಕ್ಕಡಿ ನನಗೆ ತೋರಿಸಿದ ಅಂಕೆ. ಹೇಳಲಿಲ್ಲ.

ಕಾರಿನಲ್ಲಿ ಕೇಳಿದೆ: ‘‘ನಿಮಗೆ ಬಾಯಿ ಇರಲಿಲ್ಲವಾ?’’

‘‘ನೀನು ಹೇಳಿದ ಮೇಲೆ, ಅಂಗಡಿಯವನ ಎದುರು ಅಲ್ಲ ಅನ್ನುದು ಹೇಗೆ?’’

‘‘ಮುಳುಗಿದ್ದರೆ?’’

‘‘ಮುಳುಗಲಿಲ್ಲ ಅಲ್ವಾ. ಬಗ್ಗಿದ್ದು ಮಾತ್ರ.’’

ಹೀಗೆ ಇದ್ದುಕೊಂಡು ಈ ಮನುಷ್ಯ ಕುವೈತಿನ ಎಣ್ಣೆ ಬಾವಿಗಳನ್ನು ಸ್ಫೋಟವಾಗದಂತೆ ಕಾಪಾಡಿದ್ದು ಹೇಗೋ!

ಜನವರಿ ೨೦, ಮಂಗಳವಾರ

ಹಲಗೆ ಬದಲಿಸಲು ಹೋದೆವು. ಇರ್ವಿನ್ ಅದನ್ನು ಬೋರಲು ಹಾಕಿ, ಕೆಳಗಿನ ರೆಕ್ಕೆ ಸಿಕ್ಕಿಸುವ ತೂತಿನಿಂದ ಕಡ್ಡಿಯಲ್ಲಿ ಕೆಸರು ತೆಗೆದು, ನನ್ನ ಕಣ್ಣೆದುರು ಹಿಡಿದ.

‘‘ನೀರಿಗೆ ಇಳಿದದ್ದು ವಾಪಸ್ ಇಲ್ಲ ಆಂಟಿ. ಬರ್ತ್‌ಡೇ ಕೇಕು ಕಚ್ಚಿ ತಂದರೆ ನೀವು ವಾಪಸ್ ತಗೊಳ್ತೀರಾ?’’

ಹುಡುಗನಿಗೆ ನಾಲಿಗೆ ಉಂಟು. ವ್ಯಾಪಾರದಲ್ಲಿ ಮುಂದೆ ಬರುತ್ತಾನೆ. ಸೊಂಟದ ಹಗ್ಗ ಕೊಂಡೆ, ೨,೨೦೦. ಕಾಲಿನ ಹಗ್ಗಕ್ಕೆ ಐನೂರು ಕಳೆದುಕೊಟ್ಟ. ಬಾಗಿಲಿನವರೆಗೆ ಬಂದು, ‘‘ಅಂಕಲ್‌ಗೆ ಆಗದಿದ್ದರೆ ನೀವೇ ನಿಲ್ಲಿ ಆಂಟಿ’’ ಎಂದ. ನನ್ನ ತೂಕ ಇವನಿಗೆ ಕಣ್ಣಳತೆಯಲ್ಲೇ ಸಿಕ್ಕಿರಬೇಕು.

ಜನವರಿ ೨೫, ಭಾನುವಾರ

ಮನೆಯಲ್ಲಿ ಮೂವತ್ತಾರು ಸಾವಿರದ ವಸ್ತು ಗೋಡೆಗೆ ಒರಗಿ ನಿಂತಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಓವನ್ನೇ ಆಗಲಿ, ಹಲಗೆಯೇ ಆಗಲಿ, ಕೆಲಸ ಮಾಡಬೇಕು. ಅದಕ್ಕಾಗಿ ಹತ್ತಿದೆ, ಬೇರೆ ಕಾರಣ ಇಲ್ಲ.

ಈಜು ಬರುವುದಿಲ್ಲ ಎಂದೆ. ‘‘ಜಾಕೆಟಿಗೆ ಬರ್ತದೆ’’ ಎಂದ ಶಾಹುಲ್. ಮೊದಲು ಮೊಣಕಾಲೂರಿ ಕೂತೆ. ಪ್ರಾರ್ಥನೆಯ ಅಭ್ಯಾಸ ಉಂಟಲ್ಲ, ಅದು ಸುಲಭ. ಹುಟ್ಟನ್ನು ಉಲ್ಟಾ ಹಿಡಿದೆನಂತೆ. ಅದರ ಎಲೆ ಮುಂದಕ್ಕೆ ಬಾಗಿರಬೇಕು, ನಾನು ದೋಸೆ ಮಗುಚುವ ಸಟ್ಟುಗದ ಹಾಗೆ ನನ್ನ ಕಡೆಗೆ ಬಾಗಿಸಿಕೊಂಡಿದ್ದೆ. ಇಸಿದೋರ್ ಎದೆಮಟ್ಟದ ನೀರಿನಲ್ಲಿ ನಿಂತು ಹಲಗೆಯ ಹಿಂದಿನ ತುದಿ ಹಿಡಿದುಕೊಂಡಿದ್ದರು, ಏಣಿ ಹಿಡಿಯುವವರ ಹಾಗೆ.

‘‘ಬಿಡಬೇಡಿ.’’

‘‘ಬಿಡುದಿಲ್ಲ.’’

‘‘ಕಾಲು ನೋಡಬೇಡಿ ಬಾಯಮ್ಮ, ದೂರ ನೋಡಿ. ಆಚೆ ದಡ’’ ಎಂದ ಶಾಹುಲ್.

ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಹಿಂತಿರುಗಿ ನೋಡಿದರೆ ಇವರು ದೂರದಲ್ಲಿ, ಎರಡು ಕೈ ಮೇಲೆತ್ತಿ ನಿಂತಿದ್ದರು. ಬಿಡುವುದಿಲ್ಲ ಎಂದವರು ಬಿಟ್ಟಿದ್ದರು! ಬೈಯಲು ಬಾಯಿ ತೆರೆದೆ, ಬಿದ್ದೆ. ನದಿಯ ನೀರು ಉಪ್ಪು.

ದಡದಲ್ಲಿ ನಾಲ್ಕು ಜನ ಕಾಲೇಜು ಮಕ್ಕಳು ಮೊಬೈಲು ಎತ್ತಿದ್ದರು. ಶಾಹುಲ್ ಹೇಳಿದ, ‘‘ನಾನು ಇದೇ ನೀರಿನಲ್ಲಿ ಇಪ್ಪತ್ತು ವರ್ಷ ನಿಂತು ಬಿದಿರಿನ ಗಳ ಹಾಕಿದ್ದೇನೆ ಬಾಯಮ್ಮ, ಕಾಲಡಿಯಲ್ಲಿ ಒಂದು ಲೋಡು ಮರಳು. ಒಬ್ಬನೂ ಫೋಟೋ ತೆಗೆಯಲಿಲ್ಲ. ಈಗ ಮರಳು ಇಲ್ಲ, ಬರೀ ನಿಂತುಕೊಳ್ಳುದು. ಇದಕ್ಕೆ ದುಡ್ಡು ಕೊಡ್ತಾರೆ.’’

ಇಷ್ಟು ಸರಿಯಾದ ಮಾತನ್ನು ನಾನು ಈ ವಾರ ಪಾದ್ರಿಗಳ ಪ್ರಸಂಗದಲ್ಲೂ ಕೇಳಲಿಲ್ಲ.

ಫೆಬ್ರವರಿ ೧, ಭಾನುವಾರ

ಇವರಿಗೆ ಶಾಹುಲ್‌ನ ಹಳೆಯ ಹಲಗೆ ಬಾಡಿಗೆಗೆ ತೆಗೆದುಕೊಂಡೆವು. ಬಾಗಿಲಿನಷ್ಟು ಅಗಲ. ಗಂಟೆಗೆ ಆರುನೂರಿದ್ದದ್ದನ್ನು ನಾಲ್ಕುನೂರು ಮಾಡಿಸಿದೆ. ಇವರು ಅದರ ಮೇಲೆಯೂ ನಿಲ್ಲಲಿಲ್ಲ. ಮಂಡಿಯೂರಿ, ಹುಟ್ಟು ಹಾಕುತ್ತಾ, ನನ್ನ ಹಿಂದೆ ಹಿಂದೆ ಬಂದರು. ಹಿಂದಿನಿಂದ ಒಂದೇ ಸಮನೆ ಸಲಹೆ. ‘‘ಮಂಡಿ ಸ್ವಲ್ಪ ಬಗ್ಗಿಸು. ಎಡಕ್ಕೆ ಎರಡು, ಬಲಕ್ಕೆ ಎರಡು.’’ ಬೀಳದೆ ಇರುವ ಬಗ್ಗೆ ಬೀಳುವವರ ಉಪನ್ಯಾಸ.

ಫೆಬ್ರವರಿ ೫, ಗುರುವಾರ

ಈಸ್ಟರ್ ಮುಂಚಿನ ಉಪವಾಸದ ಕಾಲ, ಕರೆಜ್ಮ್, ಶುರುವಾಗುವ ಮೊದಲು ಮದುವೆಯಾಗಿಬಿಡಬೇಕೆಂದು ಊರೆಲ್ಲ ಓಡುತ್ತಿದೆ. ನಾಲ್ಕು ಮದುವೆ, ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಎರಡು. ಬರೆಯಲು ಪುರುಸೊತ್ತಿಲ್ಲ.

ಫೆಬ್ರವರಿ ೭, ಶನಿವಾರ

ಐಸಿಂಗ್ ಮಾಡುವ ನನ್ನ ಡಾಲಿ ಕೇಳಿದಳು: ‘‘ಮೇಡಂ, ಸಾರ್ ಡಬ್ಬಿಗೆ ಅಂಟಿಸಿದ ಚೀಟಿ ತೆಗೆಯುದಾ? ನೀವು ಬೈತಾ ಇದ್ದಿರಿ ಅಲ್ವಾ?’’ ಇರಲಿ ಎಂದೆ. ಬೇಕಿಂಗ್ ಸೋಡಾ, ಬೇಕಿಂಗ್ ಪೌಡರು ಎರಡನ್ನೂ ಬಾಯಿಗೆ ಹಾಕಿ ನೋಡುವ ಕೆಲಸವಾದರೂ ತಪ್ಪಿತು.

ಫೆಬ್ರವರಿ ೧೨, ಗುರುವಾರ

ಇರ್ವಿನ್ ಒಬ್ಬ ಗಿರಾಕಿಯನ್ನು ಕಳಿಸಿದ್ದ. ನಜ್ಲಾ ಎಂದು ಹೆಸರು, ವಾಮಂಜೂರಿನ ಕಾಲೇಜಿನಲ್ಲಿ ನಮ್ಮ ಎಲೇನ್ ಜೊತೆ ಪಾಠ ಮಾಡುವವಳು. ಹಲಗೆಯನ್ನು ತಟ್ಟಿ ನೋಡಿ ಮೂವತ್ತು ಸಾವಿರ ಕೊಡುತ್ತೇನೆ ಎಂದಳು. ನನ್ನ ಲೆಕ್ಕವೂ ಅಷ್ಟೇ ಇತ್ತು. ಆದರೆ ಕೇಳಿದ ಕೂಡಲೇ ಕೊಟ್ಟರೆ ಮೋಸಹೋದಂತೆ. ಮೂವತ್ತೈದು ಎಂದೆ. ಮೂವತ್ತಮೂರು ಎಂದಳು. ಅಷ್ಟು ಬೇಗ ಏರುವವಳ ಹತ್ತಿರ ಇನ್ನೂ ಹಣ ಇರಬೇಕೆಂದು ನಲವತ್ತು ಎಂದೆ. ‘‘ಹೊಸದಕ್ಕೇ ಅಷ್ಟಿಲ್ಲ ಆಂಟಿ’’ ಎಂದು ಎದ್ದು ಹೋದಳು. ಈಗಿನ ಹುಡುಗಿಯರಿಗೆ ತಾಳ್ಮೆ ಇಲ್ಲ.

ಫೆಬ್ರವರಿ ೧೮, ವಿಭೂತಿ ಬುಧವಾರ

ಹಣೆಗೆ ಬೂದಿ. ಇನ್ನು ಈಸ್ಟರ್‌ವರೆಗೆ ಮದುವೆ ಇಲ್ಲ, ಮದುವೆ ಕೇಕೂ ಇಲ್ಲ.

ಇಗರ್ಜಿಯಿಂದ ಬರುವಷ್ಟರಲ್ಲಿ ಏಜೆಂಟನ ಸಂದೇಶ ಬಂದಿತ್ತು. ವೀಸಾಕ್ಕೆ ಮೆಡಿಕಲ್ ಆಗಬೇಕು, ಶನಿವಾರ ಬೆಳಿಗ್ಗೆ ಎಂಟೂವರೆಗೆ. ತಪ್ಪಿದರೆ ಸೋಮವಾರ ಅಥವಾ ಮಂಗಳವಾರ. ಅದಾದ ಮೇಲೆ ಕೆಲಸ ಬೇರೆಯವರಿಗೆ.

ಇವರು ಸೂಟ್‌ಕೇಸನ್ನು ಮಾಳಿಗೆಯಿಂದ ಇಳಿಸಿದರು. ಒಳಗೆ ಹಳೆಯ ಯೂನಿಫಾರ್ಮು, ಇಸ್ತ್ರಿ ಮಾಡಿದ್ದು ಹಾಗೆಯೇ ಉಂಟು.

‘‘ಹೋಗಲಾ?’’

‘‘ಮೆಡಿಕಲ್‌ಗೆ ತಾನೆ, ಹೋಗಿ. ಸಕ್ಕರೆ ಎಷ್ಟುಂಟು ಎಂದಾದರೂ ಗೊತ್ತಾಗ್ತದೆ.’’

ರಾತ್ರಿ ಊಟಕ್ಕೆ ಗಂಜಿ, ಉಪ್ಪಿನಕಾಯಿ. ಉಪವಾಸದ ದಿನ, ಎರಡನೇ ಸಲ ಬಡಿಸುವಂಥದ್ದು ಏನೂ ಇರಲಿಲ್ಲ.

ಫೆಬ್ರವರಿ ೨೧, ಶನಿವಾರ

ಆರು ಗಂಟೆಗೆ ಶಾಹುಲ್ ಫೋನು ಮಾಡಿದ. ‘‘ಬಾಯಮ್ಮ, ಇಳಿತ ಎಂಟಕ್ಕೆ ನಿಲ್ತದೆ. ಗಾಳಿ ಇಲ್ಲ. ಕನ್ನಡಿ ಹಾಗೆ ಉಂಟು ನೀರು. ಪೊರ್ಬುಲು ನಿಲ್ಲುದಾದರೆ ಇವತ್ತೇ ನಿಲ್ಲಬೇಕು.’’

ಇಸಿದೋರ್ ಫೈಲು ಹಿಡಿದು, ಶೂ ಪಾಲಿಶ್ ಮಾಡಿ ನಿಂತಿದ್ದರು. ಮೆಡಿಕಲ್ ಸೋಮವಾರವೂ ಉಂಟು, ಮಂಗಳವಾರವೂ ಉಂಟು. ಇಂಥ ನೀರು ಸೋಮವಾರ ಸಿಗುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಅಷ್ಟೇ ನಾನು ಹೇಳಿದ್ದು. ಇವರು ಶೂ ಬಿಚ್ಚಿದರು.

ನಿಂತರು. ನಾನು ನೋಡಿದೆ. ನನ್ನ ಹಲಗೆ ಪಕ್ಕದಲ್ಲೇ ಇತ್ತು. ಎದ್ದು ನಿಂತವರು ಅಲುಗದೆ, ಹುಟ್ಟನ್ನು ಬಡಿಗೆಯ ಹಾಗೆ ಹಿಡಿದು, ನದಿ ಸಮುದ್ರ ಸೇರುವ ಅಳಿವೆಯ ಕಡೆಗೆ ನೋಡುತ್ತಾ ನಿಂತುಬಿಟ್ಟರು. ನಾಲ್ಕು ನಿಮಿಷ. ಒಂದು ಸಲಹೆಯೂ ಇಲ್ಲ.

‘‘ಎಂತ ಕಾಣ್ತದೆ?’’ ಎಂದೆ.

‘‘ಬಸ್ಸು ಕಾಣುದಿಲ್ಲ’’ ಎಂದರು.

ಆಮೇಲೆ ಬಿದ್ದರು. ಮೊಣಕೈಗೆ ನೀರಿನಡಿಯ ಕಪ್ಪೆಚಿಪ್ಪು ತಾಗಿ ಗಾಯ. ಅರಸಿನ ಹಚ್ಚಿದೆ.

ಫೆಬ್ರವರಿ ೨೩, ಸೋಮವಾರ

ಕದ್ರಿಯ ಒಂದು ಆಫೀಸಿನಲ್ಲಿ ಬೀಳ್ಕೊಡುಗೆ, ಎರಡು ಅಂತಸ್ತಿನ ಕೇಕು ಒಂಬತ್ತಕ್ಕೆ ಮುಟ್ಟಬೇಕಿತ್ತು. ಇಂಥದ್ದನ್ನು ಯಾವಾಗಲೂ ಡಾಲಿ ರಿಕ್ಷಾದಲ್ಲಿ ಒಯ್ಯುವುದು. ಇವತ್ತು ಇವರ ಕೈಯಲ್ಲಿ ಕಳಿಸಿದೆ. ಮಲ್ಲಿಕಟ್ಟೆಯ ಹೊಂಡಗಳಲ್ಲಿ ರಿಕ್ಷಾವನ್ನು ನಂಬುವುದು ಹೇಗೆ? ‘‘ಮೇಡಂ, ಸಾರ್‌ಗೆ ಮೆಡಿಕಲ್ ಉಂಟಲ್ವಾ?’’ ಎಂದಳು ಡಾಲಿ. ನಿನ್ನ ಐಸಿಂಗ್ ನೋಡು ಎಂದೆ.

ಇವರು ಹನ್ನೊಂದಕ್ಕೆ ಬಂದರು. ಅಲ್ಲಿಯವರು ಕೇಕು ತಿನ್ನದೆ ಬಿಡಲಿಲ್ಲವಂತೆ.

ಫೆಬ್ರವರಿ ೨೪, ಮಂಗಳವಾರ

ಕಾರಿನ ಕೀ ಕಾಣೆ. ಇಡೀ ಮನೆ ಹುಡುಕಿದೆವು. ಇವರು ಫೈಲು ತೊಡೆಯ ಮೇಲೆ ಇಟ್ಟುಕೊಂಡು ಸಿಟೌಟಿನಲ್ಲಿ ಕೂತಿದ್ದರು. ಎಂಟೂವರೆ, ಒಂಬತ್ತೂವರೆ, ಹತ್ತೂವರೆ. ಕೀ ಮಧ್ಯಾಹ್ನ ಸಿಕ್ಕಿತು, ನನ್ನ ಏಪ್ರನ್ನಿನ ಕಿಸೆಯಲ್ಲಿ. ಹಿಟ್ಟಿನ ಕೈ, ಯಾವಾಗ ಹಾಕಿಕೊಂಡೆನೋ.

ರಿಕ್ಷಾ ಸ್ಟ್ಯಾಂಡು ನಮ್ಮ ಗೇಟಿನ ಎದುರೇ ಉಂಟು. ಇವರಿಗೆ ಹೊಳೆಯಲೇ ಇಲ್ಲ. ಮೂರು ರಿಕ್ಷಾ ಅಲ್ಲೇ ನಿಂತಿದ್ದವು, ಇವರು ಅವುಗಳನ್ನೇ ನೋಡುತ್ತಾ ಕೂತಿದ್ದರು. ಜೀವಮಾನವೆಲ್ಲ ಕಂಪನಿ ಬಸ್ಸಿನಲ್ಲಿ ಹೋದವರಿಗೆ ಹೊಳೆಯುವುದಾದರೂ ಹೇಗೆ?

ಫೆಬ್ರವರಿ ೨೬, ಗುರುವಾರ

ಏಜೆಂಟ್ ಫೋನು ಮಾಡಿದ. ಕೆಲಸ ಕಾಸರಗೋಡಿನ ಯಾರಿಗೋ ಹೋಯಿತು. ನಾನು ಅವನಿಗೆ ಚೆನ್ನಾಗಿ ಬೈದೆ. ಎರಡು ದಿನ ಕಾಯಲು ಆಗದವರು ಎಂಥ ಕಂಪನಿ ನಡೆಸುತ್ತಾರೆ? ಮೂವತ್ತೊಂದು ವರ್ಷ ದುಡಿದ ಮನುಷ್ಯನಿಗೆ ಇಷ್ಟೇ ಮರ್ಯಾದೆಯಾ? ಇವರು ಪಕ್ಕದಲ್ಲಿ ನಿಂತು ಕೇಳುತ್ತಿದ್ದರು.

ಫೋನಿಟ್ಟ ಮೇಲೆ ಹೇಳಿದರು: ‘‘ಹೋಗಬೇಡಿ ಎಂದು ನೀನು ಹೇಳಬಹುದಿತ್ತು ನೆಲ್ಲಿ.’’

‘‘ಹೋಗುದಿಲ್ಲ ಎಂದು ನೀವು ಹೇಳಬಹುದಿತ್ತು.’’

‘‘ಹೇಳಿದ್ದರೆ ನೀನು ಎಂತ ಹೇಳ್ತಿದ್ದಿ?’’

‘‘ಮೂವತ್ತೆಂಟು ಲಕ್ಷದ ನಲವತ್ತು ಸಾವಿರ ಎಂದು ಹೇಳ್ತಿದ್ದೆ.’’

ಇವರು ನಕ್ಕರು. ನಗುವಂಥದ್ದು ಏನಿತ್ತೋ. ನನಗೆ ಕೋಪ ಬಂತು. ‘‘ಸರಿ, ಈಗ ಹೇಳ್ತೇನೆ. ಹೋಗಬೇಡಿ.’’

‘‘ಎಲ್ಲಿಗೆ?’’

‘‘ಎಲ್ಲಿಗೂ.’’

ಇವರು ಸೂಟ್‌ಕೇಸನ್ನು ಎತ್ತಿ ಮಾಳಿಗೆ ಹತ್ತಿಸಿದರು. ಯೂನಿಫಾರ್ಮನ್ನು ಮಾತ್ರ ಕೆಳಗೆ ಬಿಟ್ಟರು. ಓವನ್ ಒರೆಸಲು ಆಗುತ್ತದಂತೆ, ಒಳ್ಳೆಯ ಹತ್ತಿ.

ಮಾರ್ಚ್ ೧, ಭಾನುವಾರ

ತಿಂಗಳು ಮುಗಿಯಿತು. ಯಾರಿಗೆ ಏನು ಬಂತು ಎಂದು ಬರೆದು ಪುಟ ಮುಗಿಸುತ್ತೇನೆ.

ಇರ್ವಿನ್‌ಗೆ ಒಂದು ಹಲಗೆಯ ವ್ಯಾಪಾರ, ಮೇಲಿನಿಂದ ಎಲ್ಲರಿಗೂ ಹೇಳಿ ನಗಲು ಒಂದು ಕಥೆ. ಶಾಹುಲ್‌ಗೆ ವಾರಕ್ಕೆ ಮೂರು ದಿನದ ಇಬ್ಬರು ಗಿರಾಕಿಗಳು, ಚೌಕಾಸಿ ಕಳೆದು. ನಜ್ಲಾಗೆ ಏನೂ ಇಲ್ಲ, ಅವಳ ಮೂವತ್ತಮೂರು ಸಾವಿರ ಅವಳಲ್ಲೇ ಉಂಟು. ಏಜೆಂಟನಿಗೆ ಕಾಸರಗೋಡಿನವನ ಕಮಿಷನ್. ಕಾಸರಗೋಡಿನವನಿಗೆ ಎರಡು ವರ್ಷ ಕಿಟಕಿ ಪಕ್ಕದ ಸೀಟು. ಡಾಲಿಗೆ ರಿಕ್ಷಾದಲ್ಲಿ ಕೇಕು ಹಿಡಿದು ಕೂರುವ ಕಷ್ಟ ತಪ್ಪಿತು. ಇಸಿದೋರ್‌ಗೆ ನಾಲ್ಕು ನಿಮಿಷ ನೀರಿನ ಮೇಲೆ, ಮೊಣಕೈಯಲ್ಲಿ ಒಂದು ಗಾಯ.

ನನಗೆ ಒಂದು ಹಲಗೆ, ಒಬ್ಬ ಗಂಡ. ಎರಡನ್ನೂ ದಿನಾ ಉಪ್ಪು ಹೋಗುವಂತೆ ತೊಳೆದು, ನೆರಳಿನಲ್ಲಿ ಒಣಗಿಸಿ, ಒಳಗೆ ತರಬೇಕು.